ಒತ್ತೆ ಇಟ್ಟ ಮನೆ

ಕಳೆದ ಬೇಸಿಗೆಯಲ್ಲಿ ಮನಗೂಳಿಗೆ ಹೋಗಿದ್ದಾಗ ನನ್ನ ತಮ್ಮನ ಹೆಂಡತಿ ರೊಟ್ಟಿ ಬಡಿಯುತ್ತ ಬಡಿಯುತ್ತ, ಹೊರಗೆ ಕಟ್ಟೆಯ ಮೇಲೆ ಕೂತ ಗಂಡಸರಿಗೆ ಕೇಳಿಸಬಾರದೆಂದು ದನಿ ತಗ್ಗಿಸಿ ಕೇಳಿದಳು: "ಅಕ್ಕಾರ, ನನ್ನ ಪಾಟ್ಲಿ ಬ್ಯಾಂಕಿನ್ಯಾಗ ಇಡ್ಲೇನ್ರಿ?"

ಪಾಟ್ಲಿ ಎಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಬರೀ ಬಂಗಾರವಲ್ಲ, ತವರುಮನೆಯ ನೆನಪು. ಅದನ್ನು ಇಡಬೇಕಾಗಿ ಬಂದದ್ದು ಬಿತ್ತನೆಗಲ್ಲ, ಬೋರ್‌ವೆಲ್ಲಿಗಲ್ಲ, ಮದುವೆಗೂ ಅಲ್ಲ. ಅವಳ ಮಗಳು, ಹದಿನೈದು ತುಂಬಿದ ಹುಡುಗಿ, ಕುಸ್ತಿ ಕಲಿಯುತ್ತಿದ್ದಾಳೆ. ಪರರಾಜ್ಯದಲ್ಲಿ ಎರಡು ತಿಂಗಳ ತರಬೇತಿಗೆ ಕರೆ ಬಂದಿತ್ತು. ಬೂಟು, ಹಾಲು, ಬದಾಮಿ, ರೈಲು, ಅಲ್ಲಿ ಇರುವ ಖರ್ಚು. ನನ್ನ ತಮ್ಮ 'ನೋಡೋಣು' ಎಂದಿದ್ದ. ನಮ್ಮ ಮನೆತನದಲ್ಲಿ ಗಂಡಸರು 'ನೋಡೋಣು' ಎಂದರೆ ಹೆಂಗಸರು ತಮ್ಮ ಪೆಟ್ಟಿಗೆ ನೋಡಿಕೊಳ್ಳಬೇಕು ಎಂದು ಅರ್ಥ.

ನಾನು ಒಮ್ಮೆಲೇ ಉತ್ತರ ಕೊಡಲಿಲ್ಲ. ಇದೇ ಅಡುಗೆಮನೆಯಲ್ಲಿ, ಬಹುಶಃ ಇದೇ ಒಲೆಯ ಮುಂದೆ, 1946ರಲ್ಲಿ ಇನ್ನೊಂದು ಜೋಡಿ ಪಾಟ್ಲಿಯ ಮಾತು ನಡೆದಿತ್ತು. ಅದು ನಮ್ಮ ಆಯಿಯದು, ನನ್ನ ಅಪ್ಪನ ತಾಯಿಯದು.

ಮನಗೂಳಿಯ ಹೆಸರೆತ್ತಿದರೆ ಓದಿದವರು ಕಳಚುರಿ ಬಿಜ್ಜಳನ ಕಾಲದ ಶಾಸನ ನೆನೆಯುತ್ತಾರೆ. ನನಗೆ ನೆನಪಾಗುವುದು ಗರಡಿಮನೆ. ನಮ್ಮದು ಎರೆಮಣ್ಣಿನ ಸೀಮೆ, ಜೋಳಕ್ಕೆ ಬಂಗಾರದಂಥ ನೆಲ, ಕುಸ್ತಿಗೆ ಮಾತ್ರ ಬಾರದ್ದು. ಕಣಕ್ಕೆ ಕೆಂಪು ಮಣ್ಣೇ ಆಗಬೇಕು. ಅದನ್ನು ದೂರದಿಂದ ಗಾಡಿಯಲ್ಲಿ ತರಿಸಿ, ಸಾಣಿಸಿ, ಅರಿಶಿನ, ಎಣ್ಣೆ, ನಿಂಬೆಹಣ್ಣು, ಮಜ್ಜಿಗೆ ಹಾಕಿ ಹದ ಮಾಡುತ್ತಿದ್ದರು. ಮಜ್ಜಿಗೆ ಯಾವ ಮನೆಯಿಂದ ಹೋಗುತ್ತಿತ್ತು, ಅರಿಶಿನ ಯಾರು ಕುಟ್ಟಿ ಕೊಡುತ್ತಿದ್ದರು ಎಂಬುದನ್ನು ಕುಸ್ತಿಯ ಬಗ್ಗೆ ಬರೆದವರು ಬರೆದಿಲ್ಲ. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವಂತಿರಲಿಲ್ಲ, ಅವರ ಮಜ್ಜಿಗೆ ದಾಟುತ್ತಿತ್ತು.

ನಮ್ಮ ಮುತ್ಯಾ ಪೈಲ್ವಾನ. ಜಾತ್ರೆಗಳಲ್ಲಿ ಹಲಗಿಯ ಸದ್ದಿಗೆ ತೊಡೆ ತಟ್ಟಿ ನಿಂತು, ಪಟಗಾ, ತೆಂಗಿನಕಾಯಿ, ಬೆಳ್ಳಿ ಕಡೆ ಗೆದ್ದು ತಂದವರು. ಇಪ್ಪತ್ತರ ಹರೆಯದಲ್ಲಿ ಅವರಿಗೆ ಕೊಲ್ಹಾಪುರಕ್ಕೆ ಹೋಗಿ ತಾಲೀಮು ಮಾಡುವ ಹುಚ್ಚು ಹತ್ತಿತು. ಈಗ ಕೊಲ್ಹಾಪುರ ಎಂದರೆ ಬೇರೆ ರಾಜ್ಯ, ಬೇರೆ ಭಾಷೆ. ಆಗ ಹಾಗಿರಲಿಲ್ಲ. ವಿಜಾಪುರ ಜಿಲ್ಲೆ ಮುಂಬೈ ಪ್ರಾಂತದಲ್ಲಿತ್ತು. ಜಮಖಂಡಿ, ಮುಧೋಳದಲ್ಲಿ ಸಂಸ್ಥಾನಿಕರಿದ್ದರು. ನಮ್ಮ ಕನ್ನಡದ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. 1956ರ ನವೆಂಬರಿನವರೆಗೆ ನಾವು ಮೈಸೂರಿನವರಾಗಿರಲೇ ಇಲ್ಲ. ಹೀಗಾಗಿ ಮನಗೂಳಿಯ ಹುಡುಗನಿಗೆ ಪೈಲ್ವಾನಿಕೆಯ ಕಾಶಿ ಎಂದರೆ ಕೊಲ್ಹಾಪುರವೇ. ಶಾಹೂ ಮಹಾರಾಜರು ಅಲ್ಲಿ 1912ರಲ್ಲಿ ಕಟ್ಟಿಸಿದ ಖಾಸಬಾಗ ಮೈದಾನ ಇತ್ತು, ಓಣಿ ಓಣಿಗೆ ತಾಲೀಮುಗಳಿದ್ದವು.

ಮುತ್ಯಾ ಹೋದರು. ಹದಿನಾರು ವರ್ಷದ ಆಯಿಯ ಪಾಟ್ಲಿ ಜೋಡಿ ಒಬ್ಬ ಸಾಹುಕಾರನ ಪೆಟ್ಟಿಗೆಗೆ ಹೋಯಿತು. "ಕೇಳಿದ್ರೇನ ಆಯಿ ನಿನ್ನ?" ಎಂದು ನಾನು ಒಮ್ಮೆ ಕೇಳಿದ್ದೆ. "ಯಾರ ಕೇಳ್ತಾರ? ಕೈ ಮುಂದ ಚಾಚು ಅಂದ್ರು, ಚಾಚಿದೆ" ಎಂದಿದ್ದರು.

ಎರಡು ವರ್ಷಕ್ಕೆ ಮುತ್ತಜ್ಜ ತೀರಿಕೊಂಡರು. ಹೊಲ ನೋಡುವವರಿಲ್ಲದೆ ಮುತ್ಯಾ ತಿರುಗಿ ಬಂದರು. ಅವರ ಕುಸ್ತಿಯ ಕಥೆ ಅಲ್ಲಿಗೆ ಮುಗಿಯಿತು. ಆದರೆ ಬರುವಾಗ ಇನ್ನೊಬ್ಬರ ಕಥೆ ತಂದಿದ್ದರು, ಸಾಯುವವರೆಗೂ ಅದನ್ನು ಹೇಳಿದರು. ತಾಲೀಮಿನ ದಿನಗಳಲ್ಲಿ ದೂರದಿಂದ ಕಂಡಿದ್ದ ಗಿಡ್ಡ ಮೈಯ ಒಬ್ಬ ಕಾಲೇಜು ಹುಡುಗನ ಕಥೆ. ಖಾಶಾಬಾ ದಾದಾಸಾಹೇಬ ಜಾಧವ. ಕಾಗದದಲ್ಲಿ ಕೆ. ಡಿ. ಜಾಧವ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಮೊದಲ ವೈಯಕ್ತಿಕ ಪದಕ ತಂದವರು.

ಜಾಧವರು ಹುಟ್ಟಿದ್ದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಹತ್ತಿರದ ಗೋಳೇಶ್ವರದಲ್ಲಿ. ಅದೇ ಕೃಷ್ಣೆಯ ಮೇಲಿನ ಸೀಮೆ. ಆ ನೀರು ಹರಿದು ನಮ್ಮ ಆಲಮಟ್ಟಿಗೇ ಬರುತ್ತದೆ. ತಂದೆಯೂ ಪೈಲ್ವಾನರು. ಮಗ ಕೊಲ್ಹಾಪುರದ ರಾಜಾರಾಮ ಕಾಲೇಜಿಗೆ ಸೇರಿದ. ಪೈಲ್ವಾನನೆಂದರೆ ಆನೆಯಂಥ ಮೈ ಎಂದು ಜನ ತಿಳಿದಿದ್ದ ಕಾಲದಲ್ಲಿ ಈ ಸಣ್ಣ ಆಳು ಮಿಂಚಿನಂತೆ ನುಗ್ಗಿ, ಎದುರಾಳಿಯ ಕುತ್ತಿಗೆಗೆ ಕೈ ಹಾಕಿ ನೆಲಕ್ಕೆ ಒಗೆಯುವ 'ಢಾಕ್' ಪಟ್ಟಿನಲ್ಲಿ ಎತ್ತಿದ ಕೈ. ಮುತ್ಯಾ ಅದನ್ನು ತೋರಿಸಲು ಹೋಗಿ ನನ್ನ ತಮ್ಮನ ಕುತ್ತಿಗೆ ಉಳುಕಿಸಿದ್ದೂ ಉಂಟು.

1948ರಲ್ಲಿ ಕೊಲ್ಹಾಪುರದ ಮಹಾರಾಜರ ನೆರವಿನಿಂದ ಜಾಧವರು ಲಂಡನ್ ಒಲಿಂಪಿಕ್ಸಿಗೆ ಹೋದರು. ಅಲ್ಲಿ ಮಣ್ಣಿಲ್ಲ, ಮ್ಯಾಟು. ಓದುವ ಅಕ್ಕತಂಗಿಯರಿಗೆ ಇದರ ಭೇದ ಒಂದಿಷ್ಟು ಹೇಳಬೇಕು. ನಮ್ಮ ಕಣದ ಕುಸ್ತಿಯಲ್ಲಿ ಅಂಕವಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿ, ಮುಖ ಆಕಾಶ ನೋಡಿದರೆ ಚಿತ್, ಕುಸ್ತಿ ಮುಗಿಯಿತು. ಅಲ್ಲಿಯವರೆಗೆ ತಾಸುಗಟ್ಟಲೆ ನಡೆದರೂ ನಡೆಯಿತು. ಮಣ್ಣು ಕಾಲು ಹಿಡಿಯುತ್ತದೆ, ಬಿದ್ದರೆ ತಾಯಿಯಂತೆ ಅಪ್ಪುತ್ತದೆ. ಫ್ರೀಸ್ಟೈಲ್ ಎಂಬ ಮ್ಯಾಟಿನ ಕುಸ್ತಿಯಲ್ಲಿ ಹೊತ್ತು ಗೊತ್ತು ಮಾಡಿರುತ್ತಾರೆ. ಅಷ್ಟರಲ್ಲಿ ಚಿತ್ ಆಗದಿದ್ದರೆ ಯಾರ ಕೈ ಮೇಲಾಯಿತೆಂದು ತೀರ್ಪುಗಾರರು ಹೇಳುತ್ತಾರೆ. ಕಾಲಿಗೂ ಕೈ ಹಾಕಬಹುದು. ಗ್ರೀಕೊ ರೋಮನ್ ಎಂಬ ಇನ್ನೊಂದು ಬಗೆಯಲ್ಲಿ ಸೊಂಟದ ಕೆಳಗೆ ಮುಟ್ಟುವಂತಿಲ್ಲ. ಮಣ್ಣಿನಲ್ಲೇ ಬೆಳೆದ ಜಾಧವರು ಮ್ಯಾಟಿನ ಮೇಲೆ ಆಸ್ಟ್ರೇಲಿಯದ ಬರ್ಟ್ ಹ್ಯಾರಿಸ್, ಅಮೆರಿಕದ ಬಿಲ್ಲಿ ಜೆರ್ನಿಗನ್ ಅವರನ್ನು ಸೋಲಿಸಿ, ಇರಾನಿನ ಮನ್ಸೂರ್ ರಯೀಸಿಗೆ ಸೋತು, ಫ್ಲೈವೇಟ್ ತೂಕದಲ್ಲಿ ಆರನೆಯ ಸ್ಥಾನದಲ್ಲಿ ನಿಂತರು. ಅಮೆರಿಕದ ರೀಸ್ ಗಾರ್ಡ್ನರ್ ಎಂಬವರು ಅವರಿಗೆ ಅಲ್ಲಿ ಮ್ಯಾಟಿನ ಪಾಠ ಹೇಳಿಕೊಟ್ಟಿದ್ದರು.

ನಾಲ್ಕು ವರ್ಷದ ನಂತರ ಹೆಲ್ಸಿಂಕಿ. ಈ ಸಲ ಹೋಗುವುದೇ ದೊಡ್ಡ ಕುಸ್ತಿಯಾಯಿತು. ಮದರಾಸಿನಲ್ಲಿ ನಡೆದ ಆಯ್ಕೆಯ ಕುಸ್ತಿಯಲ್ಲಿ ಬೇಕೆಂದೇ ತಮ್ಮನ್ನು ಒಂದು ಅಂಕದಿಂದ ಹಿಂದೆ ಹಾಕಿದರೆಂದು ಜಾಧವರು ಪಟಿಯಾಲದ ಮಹಾರಾಜರಿಗೆ ಮೊರೆಯಿಟ್ಟರು. ಮತ್ತೊಮ್ಮೆ ಕುಸ್ತಿ ಆಯಿತು, ಗೆದ್ದರು. ಆಮೇಲೆ ಹಣದ ಮಾತು ಬಂತು. ಕೊಲ್ಹಾಪುರ ಸಂಸ್ಥಾನ 1949ರಲ್ಲೇ ಮುಂಬೈಯಲ್ಲಿ ವಿಲೀನವಾಗಿತ್ತು, ಮಹಾರಾಜರ ಖಜಾನೆ ಮೊದಲಿನದಾಗಿರಲಿಲ್ಲ. ಮುಂಬೈ ಸರಕಾರವನ್ನು ಕೇಳಿದರೆ ಆಟ ಮುಗಿಸಿ ಬಂದ ಮೇಲೆ ಬನ್ನಿ ಎಂಬ ಉತ್ತರ ಬಂತೆಂದು ಈ ಕಥೆ ಹೇಳುವವರೆಲ್ಲ ಹೇಳುತ್ತಾರೆ. (ನಮ್ಮ ಸರಕಾರವೂ ಆಗ ಅದೇ ಎಂಬುದನ್ನು ಮರೆಯಬಾರದು.) ಊರವರು ಪಟ್ಟಿ ಹಾಕಿದರು, ಅಂಗಡಿಯವರು ಕೈಲಾದದ್ದು ಕೊಟ್ಟರು. ಅದೂ ಸಾಲದಾದಾಗ ರಾಜಾರಾಮ ಕಾಲೇಜಿನ ಪ್ರಾಂಶುಪಾಲ ಖರ್ಡೇಕರರು ತಮ್ಮ ಮನೆಯನ್ನು ಒತ್ತೆ ಇಟ್ಟು 7000 ರೂಪಾಯಿ ತಂದು ಕೊಟ್ಟರು.

ಈ ಮಾತು ಬಂದಾಗಲೆಲ್ಲ ಮುತ್ಯಾನ ದನಿ ಕಟ್ಟುತ್ತಿತ್ತು. "ಮಾಸ್ತರ ಅಂದ್ರ ಅವರು! ಮನೀ ಇಟ್ರು, ಮನೀ!" ಎನ್ನುತ್ತಿದ್ದರು. ಮೂಲೆಯಲ್ಲಿ ಅಕ್ಕಿ ಆರಿಸುತ್ತ ಕೂತ ಆಯಿ ತಲೆ ಎತ್ತದೆ ಕೇಳುತ್ತಿದ್ದರು: "ಅವರ ಹೆಂಡತೀನ ಕೇಳಿದ್ರೇನು?"

ಮುತ್ಯಾ ಕೆಮ್ಮಿ, ಎಲೆಯಡಿಕೆಯ ಚೀಲ ಹುಡುಕುತ್ತಿದ್ದರು.

ಹೆಲ್ಸಿಂಕಿಯಲ್ಲಿ ಜಾಧವರು ಬ್ಯಾಂಟಮ್ ತೂಕಕ್ಕೆ ಇಳಿದರು, ಅಂದರೆ 57 ಕಿಲೋ. ಕೆನಡಾದ ಪೊಲಿಕ್ವಿನ್, ಮೆಕ್ಸಿಕೊದ ಬಸುರ್ತೊ, ಜರ್ಮನಿಯ ಶ್ಮಿಟ್ಜ್ ಮೂವರನ್ನೂ ಸೋಲಿಸಿದರು. ಕೊನೆಗೆ ಉಳಿದವರು ಮೂವರು: ಜಾಧವ, ಜಪಾನಿನ ಶೋಹಾಚಿ ಇಶೀ, ಸೋವಿಯತ್ ಒಕ್ಕೂಟದ ರಶೀದ್ ಮಮ್ಮದ್‌ಬೆಯೋವ್. ಸೋವಿಯತ್ ಒಕ್ಕೂಟ ಒಲಿಂಪಿಕ್ಸಿಗೆ ಬಂದದ್ದೇ ಆ ವರ್ಷ ಮೊದಲು. ಅವರ ಆಟಗಾರರ ಹಿಂದೆ ಇಡೀ ಸರಕಾರ ನಿಂತಿತ್ತು, ನಮ್ಮವರ ಹಿಂದೆ ಒಬ್ಬ ಮಾಸ್ತರರ ಮನೆ. ಇಶೀ ಜೊತೆ ದೀರ್ಘ ಕುಸ್ತಿ ನಡೆದು ಜಾಧವರು ಸ್ವಲ್ಪದರಲ್ಲೇ ಸೋತರು. ಎರಡು ಕುಸ್ತಿಗಳ ನಡುವೆ ಅರ್ಧ ತಾಸು ವಿಶ್ರಾಂತಿ ಕೊಡಬೇಕೆಂಬ ನಿಯಮವಿತ್ತು. ಕೊಡದೆ ಮಮ್ಮದ್‌ಬೆಯೋವ್ ಮುಂದೆ ನಿಲ್ಲಿಸಿದರು. ತಕರಾರು ಹೇಳಲು ನಮ್ಮ ದೇಶದ ಒಬ್ಬ ಅಧಿಕಾರಿಯೂ ಅಲ್ಲಿರಲಿಲ್ಲ ಎಂದು ಅವರ ಬಗ್ಗೆ ಬರೆದವರು ಬರೆದಿದ್ದಾರೆ. ದಣಿದ ಮೈಯಲ್ಲಿ ಸೋತರು. ಇಶೀಗೆ ಬಂಗಾರ, ಮಮ್ಮದ್‌ಬೆಯೋವ್‌ಗೆ ಬೆಳ್ಳಿ, ಜಾಧವರಿಗೆ ಕಂಚು. ಅದು 1952ರ ಜುಲೈ 23. ಅದೇ ಹೆಲ್ಸಿಂಕಿಯಲ್ಲಿ ಮುಂದಿನ ತೂಕದಲ್ಲಿದ್ದ ಕೇಶವ ಮಾಣಗಾವೆ ನಾಲ್ಕನೆಯವರಾದರು, ಅವರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ. ಹಾಕಿ ತಂಡದ ಬಂಗಾರದ ಸುದ್ದಿಯಲ್ಲಿ ಕಂಚಿನ ಸುದ್ದಿಯೂ ಮೂಲೆಗೆ ಸರಿಯಿತು.

ಕರಾಡದವರು ಮಾತ್ರ ಮೂಲೆಗೆ ಸರಿಸಲಿಲ್ಲ. ನೂರಕ್ಕೂ ಮಿಕ್ಕಿ ಎತ್ತಿನ ಗಾಡಿ ಶೃಂಗರಿಸಿ ಮೆರವಣಿಗೆ ತೆಗೆದರು. ಸ್ಟೇಷನ್ನಿನಿಂದ ಹದಿನೈದು ನಿಮಿಷದ ದಾರಿ ಏಳು ತಾಸು ಹಿಡಿಯಿತಂತೆ. ಜಾಧವರು ಹೂಮಾಲೆ ಬಾಡುವ ಮೊದಲೇ ಮಾಡಿದ ಕೆಲಸ ಇನ್ನೊಂದು. ಕೊಲ್ಹಾಪುರದಲ್ಲಿ ಕುಸ್ತಿಗಳನ್ನು ಏರ್ಪಡಿಸಿ, ತಾವೇ ಆಡಿ, ಬಂದ ದುಡ್ಡಿನಿಂದ ಖರ್ಡೇಕರರ ಮನೆಯನ್ನು ಒತ್ತೆಯಿಂದ ಬಿಡಿಸಿಕೊಟ್ಟರು.

ಈ ಭಾಗವನ್ನು ಮುತ್ಯಾ ಬೇಗ ಬೇಗ ಹೇಳಿ ಮುಗಿಸುತ್ತಿದ್ದರು. ಆದರೂ ಆಯಿ ಬಿಡುತ್ತಿರಲಿಲ್ಲ. "ಬಿಡಿಸಿ ಕೊಟ್ನಲಾ, ಅಂವಾ ಪೈಲ್ವಾನ."

ಸಾಹುಕಾರನ ಪೆಟ್ಟಿಗೆಗೆ ಹೋದ ಜೋಡಿ ಪಾಟ್ಲಿಯಲ್ಲಿ ಮುತ್ಯಾ ಬಿಡಿಸಿದ್ದು ಒಂದನ್ನೇ. ಇನ್ನೊಂದು ಬಡ್ಡಿಗೆ ಮುಳುಗಿತು. ಆಯಿ ಬಲಗೈಗೆ ಬಂಗಾರದ ಪಾಟ್ಲಿ, ಎಡಗೈಗೆ ಬರೀ ಹಸಿರು ಬಳೆ ಇಟ್ಟುಕೊಂಡೇ ಇಡೀ ಬಾಳುವೆ ಮಾಡಿದರು. ಚಿಕ್ಕವಳಿದ್ದಾಗ ಅದೇ ಚೆಂದವೆಂದು ನಾನು ತಿಳಿದಿದ್ದೆ.

ಜಾಧವರ ಮುಂದಿನ ದಾರಿಯೂ ಸುಖದ್ದಲ್ಲ. 1955ರಲ್ಲಿ ಪೊಲೀಸ್ ಇಲಾಖೆಯಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿ ಸೇರಿದರು. ಮೊಣಕಾಲಿನ ಪೆಟ್ಟು 1956ರ ಮೆಲ್ಬೋರ್ನ್ ಒಲಿಂಪಿಕ್ಸಿನ ಆಸೆಯನ್ನು ತಿಂದಿತು. ಸಹಾಯಕ ಪೊಲೀಸ್ ಆಯುಕ್ತರ ಹುದ್ದೆಯವರೆಗೆ ಏರಿದರೂ ನಿವೃತ್ತಿಯ ವೇತನಕ್ಕೆ ಅಲೆದಾಡಬೇಕಾಯಿತು. 1984ರ ಆಗಸ್ಟ್ 14ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅರ್ಜುನ ಪ್ರಶಸ್ತಿ ಅವರ ಹೆಸರಿಗೆ ಬಂದದ್ದು 2000ದ ಸಾಲಿನಲ್ಲಿ, ಮರಣೋತ್ತರವಾಗಿ. 2010ರ ಕಾಮನ್‌ವೆಲ್ತ್ ಕ್ರೀಡಾಕೂಟದ ಹೊತ್ತಿಗೆ ದಿಲ್ಲಿಯ ಕುಸ್ತಿ ಅಂಗಣಕ್ಕೆ ಅವರ ಹೆಸರಿಟ್ಟರು. 2017ರಲ್ಲಿ ಒಂದು ಸುದ್ದಿ ಓದಿ ನಾನು ಪತ್ರಿಕೆ ಕೆಳಗಿಟ್ಟೆ. ಗೋಳೇಶ್ವರದಲ್ಲಿ ಕಟ್ಟುತ್ತೇವೆಂದ ಕುಸ್ತಿ ಶಾಲೆ ಏಳಲಿಲ್ಲವೆಂದು, ಆ ಕಂಚಿನ ಪದಕವನ್ನೇ ಹರಾಜಿಗೆ ಇಡುವುದಾಗಿ ಮನೆಯವರು ಹೇಳಿದ್ದರು. ಮನೆ ಒತ್ತೆ ಇಟ್ಟು ತಂದ ಪದಕ ಮತ್ತೆ ಒತ್ತೆಯ ಕಟ್ಟೆಗೇ ಬಂದು ನಿಂತಿತ್ತು.

ಕುಸ್ತಿಯಲ್ಲಿ ಭಾರತಕ್ಕೆ ಎರಡನೆಯ ಪದಕ ಬರಲು 56 ವರ್ಷ ಹಿಡಿಯಿತು. 2008ರ ಆಗಸ್ಟ್, ಬೀಜಿಂಗ್. ಸುಶೀಲ್ ಕುಮಾರ್ ಮೊದಲ ಕುಸ್ತಿಯಲ್ಲೇ ಉಕ್ರೇನಿನವನಿಗೆ ಸೋತಿದ್ದ. ಆದರೆ ಈಗ ಒಂದು ನಿಯಮವಿದೆ, ನಿನ್ನನ್ನು ಸೋಲಿಸಿದವನು ಕೊನೆಯ ಕುಸ್ತಿಗೆ ಹೋದರೆ ನಿನಗೆ ಇನ್ನೊಂದು ಅವಕಾಶ. ಹಾಗೆ ಏರಿ ಬಂದು ಕಂಚಿಗಾಗಿ ಎದುರಾದದ್ದು ಕಜಕಸ್ತಾನದ ಲಿಯೊನಿಡ್ ಸ್ಪಿರಿಡೊನೊವ್. ಮುತ್ಯಾ ಅಷ್ಟರಲ್ಲಿ ಇರಲಿಲ್ಲ. ಎಂಬತ್ತರ ಹತ್ತಿರದ ಆಯಿ ಟೀವಿಯ ಮುಂದೆ ಗೋಡೆಗೆ ಆತು ಕೂತಿದ್ದರು. ಸುಶೀಲ್ ಗೆದ್ದಾಗ ಮನೆಯೆಲ್ಲ ಕೂಗಿತು. ಆಯಿ ಮಾತ್ರ ತಲೆ ತಗ್ಗಿಸಿ ಹೋಗುತ್ತಿದ್ದ ಆ ಕಜಕ್ ಹುಡುಗನನ್ನೇ ನೋಡುತ್ತಿದ್ದರು. "ಪಾಪ, ಅವರ ಮನ್ಯಾಗ ಏನ ಇಟ್ಟು ಕಳಿಸ್ಯಾರೋ" ಎಂದರು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಆಮೇಲೆ ಕಜಕ್ ಪೈಲ್ವಾನರ ಹೆಸರು ಕಂಡಲ್ಲೆಲ್ಲ ಓದುತ್ತ ಬಂದೆ. ಆಶ್ಚರ್ಯವೆಂದರೆ ಅವರಲ್ಲೂ ಪೈಲ್ವಾನನಿಗೆ 'ಬಲುವಾನ್' ಎಂದೇ ಹೆಸರು. ನಮ್ಮ ಪೈಲ್ವಾನ, ಅವರ ಬಲುವಾನ್ ಎರಡೂ ಪಾರಸಿಯ ಪಹಲವಾನನ ಮಕ್ಕಳು. ಹಬ್ಬಗಳಲ್ಲಿ ಆಡುವ ಅವರ ಮಣ್ಣಿನ ಮಗುವಿನಂಥ ಕುಸ್ತಿಗೆ 'ಕುರೆಸ್' ಎನ್ನುತ್ತಾರೆ, 2016ರಲ್ಲಿ ಯುನೆಸ್ಕೊ ಅದನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಹಾಜಿ ಮುಕಾನ್ ಎಂಬ ಅವರ ಹಳೆಯ ಬಲುವಾನ್, 1871ರಲ್ಲಿ ಹುಟ್ಟಿದವರು, ದೇಶದೇಶದ ಸರ್ಕಸ್ ಕಣಗಳಲ್ಲಿ ಕುಸ್ತಿಯಾಡಿದವರು. ಎರಡನೆಯ ಮಹಾಯುದ್ಧದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಊರೂರಿಗೆ ಬಲದ ಆಟ ತೋರಿಸಿ ಗಳಿಸಿದ ಹಣವನ್ನು ಸೈನ್ಯಕ್ಕೆ ಒಂದು ವಿಮಾನ ಕೊಳ್ಳಲು ಕೊಟ್ಟರು. ಆಯಿ ಇದ್ದಿದ್ದರೆ ಹೇಳುತ್ತಿದ್ದೆ, ಒಬ್ಬ ಪೈಲ್ವಾನ ಮನೆಯದನ್ನು ಇಡದೆ ತಾನೇ ಕೊಟ್ಟದ್ದೂ ಉಂಟು ಎಂದು.

2019ರಲ್ಲಿ ಅವರ ರಾಜಧಾನಿಯಲ್ಲೇ ನಡೆದ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ದೌಲೆತ್ ನಿಯಾಜ್‌ಬೆಕೊವ್ ಮತ್ತು ನಮ್ಮ ಬಜರಂಗ್ ಪೂನಿಯಾ 9-9 ಸಮ ಮಾಡಿಕೊಂಡರು. ದೊಡ್ಡ ಪಟ್ಟು ಹಾಕಿದವನದೇ ಮೇಲು ಎಂಬ ಲೆಕ್ಕದಲ್ಲಿ ನಿಯಾಜ್‌ಬೆಕೊವ್ ಗೆದ್ದ. ಎರಡು ವರ್ಷಕ್ಕೆ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿ, ಕಂಚಿನ ಕುಸ್ತಿಗೆ ಅದೇ ಇಬ್ಬರು ಎದುರಾದರು. ಬಜರಂಗ್ 8-0. ನಾನು ನೋಡಿದ್ದು ಕುಸ್ತಿಗಿಂತ ಹೆಚ್ಚಾಗಿ ಮ್ಯಾಟಿನ ಅಂಚನ್ನು. ಅಲ್ಲಿ ಕೋಚ್ ಇದ್ದ, ಬೆನ್ನು ಒರೆಸುವವನಿದ್ದ. ಈಗ ತೀರ್ಪು ಒಪ್ಪಿಗೆಯಾಗದಿದ್ದರೆ ಕೋಚ್ ಸ್ಪಂಜಿನ ಒಂದು ತುಂಡನ್ನು ಮ್ಯಾಟಿನ ಮೇಲೆ ಎಸೆಯುತ್ತಾನೆ, ವಿಡಿಯೊ ಮತ್ತೆ ತೋರಿಸುತ್ತಾರೆ. ಹೆಲ್ಸಿಂಕಿಯಲ್ಲಿ ಜಾಧವರ ಪರವಾಗಿ ಏಳುವ ಒಂದು ಕೈಯೂ ಇರಲಿಲ್ಲ.

ಇಷ್ಟನ್ನೂ ತಮ್ಮನ ಹೆಂಡತಿಗೆ ಹೇಳಿದೆ. ಒಂದೇ ಕೂತಿಗೆ ಅಲ್ಲ, ರೊಟ್ಟಿ ಮುಗಿದು, ಉಂಡು, ಪಾತ್ರೆ ತೊಳೆಯುವವರೆಗೂ. ನಮ್ಮ ಕೃಷ್ಣೆಯಾಚೆಯ ಬಾಗಲಕೋಟೆಯ ಅರ್ಜುನ ಹಲಕುರ್ಕಿ 2020ರಲ್ಲಿ ದಿಲ್ಲಿಯ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಗ್ರೀಕೊ ರೋಮನ್ ಕಂಚು ತಂದದ್ದು ಅವಳಿಗೆ ಗೊತ್ತಿತ್ತು, ಮಗಳು ಹೇಳಿದ್ದಳು. ಹೆಣ್ಣುಮಕ್ಕಳ ಕುಸ್ತಿ ಒಲಿಂಪಿಕ್ಸಿಗೆ ಬಂದದ್ದೇ 2004ರಲ್ಲಿ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದಳು ಎಂಬುದೂ ಗೊತ್ತಿತ್ತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ವಿನೇಶ್ ಫೋಗಟ್ 100 ಗ್ರಾಮ್ ತೂಕ ಹೆಚ್ಚಿಗಿದ್ದಳೆಂದು ಕೊನೆಯ ಕುಸ್ತಿಯ ದಿನ ಹೊರಗಾದಾಗ ತಾಯಿ ಮಗಳಿಬ್ಬರೂ ಅನ್ನ ಬಿಟ್ಟಿದ್ದರಂತೆ. "ನೂರ ಗ್ರಾಮ್ ಅಂದ್ರ ಎಷ್ಟ್ರೀ ಅಕ್ಕಾರ, ಒಂದ ಮುಷ್ಟಿ ಹಿಟ್ಟ" ಎಂದು ಕೈಯಲ್ಲಿ ಹಿಟ್ಟು ಹಿಡಿದು ತೋರಿಸಿದಳು.

ಆಯಿಯ ಎಡಗೈಯ ಕಥೆಯನ್ನು ಅವಳು ಕೇಳಿರಲಿಲ್ಲ. ಸೊಸೆಯಾಗಿ ಬಂದು ಹದಿನೇಳು ವರ್ಷವಾದರೂ ಯಾರೂ ಹೇಳಿರಲಿಲ್ಲ. ಕೇಳಿ ಬಹಳ ಹೊತ್ತು ಸುಮ್ಮನಿದ್ದಳು. ನಾನು ಇಡು ಎನ್ನಲಿಲ್ಲ, ಬ್ಯಾಡ ಎಂದೂ ಅನ್ನಲಿಲ್ಲ. ಅನ್ನುವ ಅಧಿಕಾರ ನನಗೆಲ್ಲಿಯದು? ನಾನು ಆ ಮನೆಯಿಂದ ಹೊರಗೆ ಹೋದವಳು. ನನ್ನ ಪಾಟ್ಲಿ ನನ್ನ ಕೈಯಲ್ಲೇ ಇವೆ.

ಸಂಜೆ ಗಂಡನನ್ನು ಕಟ್ಟೆಯಿಂದ ಒಳಗೆ ಕರೆದಳು. "ನಂದೊಂದು ಇಡ್ತೀನಿ, ಒಂದನ್ನ. ಇನ್ನೊಂದರ ರೊಕ್ಕ ನೀವು ತರ್ರಿ, ಎಲ್ಲಿಂದರ ತರ್ರಿ. ಬ್ಯಾಂಕಿನ ಚೀಟಿ ನನ್ನ ಹೆಸರಿಗೆ ಆಗಬೇಕು." ನನ್ನ ತಮ್ಮ ನನ್ನ ಮುಖ ನೋಡಿದ. ನಾನು ಎದ್ದು ನೀರು ಕುಡಿಯಲು ಹೋದೆ.

ದೀಪಾವಳಿಗೆ ಹೋದಾಗ ಹುಡುಗಿ ತರಬೇತಿ ಮುಗಿಸಿ ಬಂದಿದ್ದಳು. ಕಿವಿ ಒಂದಿಷ್ಟು ಬಾತಿತ್ತು, ಪೈಲ್ವಾನರ ಕಿವಿ ಹಾಗೇ ಆಗುತ್ತದೆ ಎಂದು ಹೆಮ್ಮೆಯಿಂದ ತೋರಿಸಿದಳು. ತಂದ ಬೂಟು ಆಗಲೇ ಬಿಗಿಯಾಗುತ್ತಿದೆ, ಕಾಲು ಬೆಳೆದಿದೆ ಎಂದಳು. ಅವಳ ತಾಯಿ ಎಣ್ಣೆ ಹಚ್ಚುತ್ತ, "ಕಾಲ ಬೆಳಸಬ್ಯಾಡ, ಕುಸ್ತಿ ಬೆಳಸು" ಎಂದು ತಲೆಗೆ ಮೊಟಕಿದಳು.